ಕ್ಯಾಬಿನೆಟ್ ಜೊತೆ ಬಂದ ಡಬ್ಬ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಮನೆಯೊಳಗೆ ಏನು ನಿಂತರೂ ಮೊದಲ ಬೈಗುಳ ಲೈಟಿಗೆ, ಅಂದರೆ ಕರೆಂಟಿಗೆ. ಮಿಕ್ಸರ್ ನಿಂತರೆ ಲೈಟು, ಟಿವಿ ನಿಂತರೆ ಲೈಟು, ಲಿಫ್ಟ್ ನಿಂತರಂತೂ ಕೇಳುವುದೇ ಬೇಡ. 2010ರ ಸುಮಾರಿಗೆ ಜನರಿಗೆ ಲೋಡ್ ಶೆಡ್ಡಿಂಗ್ ಅಷ್ಟು ಅಭ್ಯಾಸವಾಗಿತ್ತು. ಹಾಗಾಗಿ ಆ ವರ್ಷದ ಜೂನ್ ತಿಂಗಳ ಒಂದು ಮಧ್ಯಾಹ್ನ ಕಂಪ್ಯೂಟರಿನ ಪರದೆ ಕಪ್ಪಾದಾಗ ವಿನೋದಾ ಕೂಡ "ಹೋಯ್ತಾ ಲೈಟು" ಎಂದೇ ಅಂದಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದನ್ನು ಅವಳು ನೋಡಿದಳು. ನೋಡಿಯೂ ಅದರ ಅರ್ಥ ಏನೆಂದು ಯೋಚಿಸಲಿಲ್ಲ.

ವಿನೋದಾ ಮಾಡುತ್ತಿದ್ದದ್ದು ಮಿಕ್ಸಿಂಗ್ ಕೆಲಸ. ಮದುವೆ, ಮುಂಜಿ, ಗೃಹಪ್ರವೇಶಗಳನ್ನು ಸ್ಟುಡಿಯೋದವರು ಕ್ಯಾಸೆಟ್ಟಿನಲ್ಲಿ ಹಿಡಿದು ತರುತ್ತಾರೆ. ಅದನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹೆಸರು, ಹಾಡು ಕೂಡಿಸಿ, ಡಿವಿಡಿ ಮಾಡಿ ಕೊಡಬೇಕು. ಸ್ಟೇಷನ್ ಹತ್ತಿರದ ಸ್ಟುಡಿಯೋದ ಶೈಲೇಶ್ ಅವಳಿಗೆ ಕೆಲಸ ಕೊಡುತ್ತಿದ್ದ. ಕ್ಯಾಸೆಟ್ ಇಳಿಸಿದ ಮೇಲೆ ಅವನು ಅದನ್ನು ವಾಪಸ್ ಒಯ್ದು ಮುಂದಿನ ಮದುವೆಗೆ ಕ್ಯಾಮೆರಾದೊಳಗೆ ಹಾಕುತ್ತಿದ್ದ. ಆ ಕಾಲದಲ್ಲಿ ಸಣ್ಣ ಸ್ಟುಡಿಯೋಗಳ ರೂಢಿಯೇ ಹಾಗೆ. ಅಂದರೆ, ಡಿವಿಡಿ ಆಗುವ ತನಕ ಒಂದು ಮನೆಯ ಮದುವೆ ಇರುವುದು ವಿನೋದಾಳ ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಕಂಪ್ಯೂಟರ್ ಕಟ್ಟಿಕೊಟ್ಟವನು ಲತೇಶ್. ವಿನೋದಾಳ ಗಂಡ ಲೀಲಾಧರನಿಗೆ ಊರಿನ ಕಡೆಯಿಂದ ತಮ್ಮನ ವರಸೆ. ಬಿಡಿ ಭಾಗಗಳನ್ನು ತಂದು ಮನೆಮನೆಗೆ ಕಂಪ್ಯೂಟರ್ ಜೋಡಿಸಿ ಕೊಡುವುದೇ ಅವನ ವ್ಯಾಪಾರ. ಲೀಲಾಧರ ಠಾಣೆ ಊರಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಪ್ಟನ್, ಅಂದರೆ ಸಪ್ಲೈಯರುಗಳ ಮೇಲ್ವಿಚಾರಕ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಮಾಡಿಸುವಾಗ ಲತೇಶ್ ಕೇಳಿದ್ದ:

"ಲೀಲಣ್ಣ, ಎಂತೆಂತ ಹಾಕ್ಬೇಕು ಹೇಳಿ."

"ಎಲ್ಲ ನಿಂಗೇ ಬಿಟ್ಟದ್ದು ಮಾರಾಯ. ಪರದೆ ದೊಡ್ಡದಿರಲಿ, ಪ್ರೊಸೆಸರ್ ಒಳ್ಳೇದಿರಲಿ. ಕಾಣದ ಕಡೆ ಎಲ್ಲಿ ಉಳಿಸ್ಲಿಕ್ಕೆ ಆಗ್ತದೋ ಅಲ್ಲಿ ಉಳಿಸು."

ಬಿಲ್ಲಿನ ಮಾತು ಬರಲೇ ಇಲ್ಲ. ನಮ್ಮವನ ಹತ್ತಿರ ಬಿಲ್ ಕೇಳುವುದೆಂದರೆ, ಊಟಕ್ಕೆ ಕರೆದ ಮನೆಯಲ್ಲಿ ಎಲೆಯ ಮುಂದೆ ಕೂತು ಅನ್ನ ಬೆಂದಿದೆಯೇ ಎಂದು ಕೇಳಿದ ಹಾಗೆ. ಲತೇಶ್ ಎಲ್ಲಿ ಉಳಿಸಿದ ಎಂದೂ ಯಾರೂ ಕೇಳಲಿಲ್ಲ.

ಅವನು ಉಳಿಸಿದ್ದು ಪವರ್ ಸಪ್ಲೈಯಲ್ಲಿ. ಗೋಡೆಯ ಕರೆಂಟನ್ನು ತೆಗೆದುಕೊಂಡು, ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಹಂಚುವ ಡಬ್ಬ ಅದು. ಅಂಗಡಿಯವರು ಎಸ್‌ಎಂಪಿಎಸ್ ಅನ್ನುತ್ತಾರೆ. ಕಡಿಮೆ ಬೆಲೆಯ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರ ಪೆಟ್ಟಿಗೆ, ಕೊಂಡರೆ ಈ ಡಬ್ಬ ಅದರೊಳಗೇ ಕೂತು ಬರುತ್ತದೆ. ವಿನೋದಾಳ ಮನೆಗೆ ಬಂದ ಡಬ್ಬದ ಮೇಲೆ 450 ವಾಟ್ ಎಂದು ಕೆಂಪು ಅಕ್ಷರದಲ್ಲಿತ್ತು.

ಎರಡು ವರ್ಷ ತೊಂದರೆ ಇರಲಿಲ್ಲ. ಆ ವರ್ಷದ ಬೇಸಗೆಯಲ್ಲಿ ಶೈಲೇಶ್ ಹೊಸ ಮಿಕ್ಸಿಂಗ್ ಸಾಫ್ಟ್‌ವೇರ್ ತಂದ. ಅದಕ್ಕೆ ಪರದೆಯ ಚಿತ್ರಗಳ ಕೆಲಸವನ್ನು ನೋಡಿಕೊಳ್ಳುವ ಗ್ರಾಫಿಕ್ಸ್ ಕಾರ್ಡ್ ಬೇಕೆಂದ. ಲತೇಶ್ ಯಾರದೋ ಹಳೆಯ ಕಾರ್ಡ್ ಅಗ್ಗಕ್ಕೆ ತಂದು ಕೂರಿಸಿದ. ಕಂಪ್ಯೂಟರ್ ಕೆಲಸದ ನಡುವೆ ಬಂದ್ ಆಗಲು ಶುರುವಾದದ್ದು ಆಮೇಲೆ.

ಲೀಲಾಧರ ಲೈಟ್ ಕಂಪನಿಗೆ ಬೈದು ಯುಪಿಎಸ್ ತಂದ. ಬಂದ್ ಆಗುವುದು ತಪ್ಪಲಿಲ್ಲ. ಲತೇಶ್ ವೈರಸ್ ಇರಬೇಕೆಂದು ವಿಂಡೋಸ್ ಹೊಸದಾಗಿ ಹಾಕಿ ಊರಿಗೆ ಹೋದ. ಆಗಲೂ ತಪ್ಪಲಿಲ್ಲ.

ಆ ದಿನಗಳಲ್ಲಿ ಡಿಸ್ಕಿನಲ್ಲಿದ್ದದ್ದು ಚೈತನ್ಯಾಳ ಮದುವೆ. ಪಕ್ಕದ ಠಾಕುರ್ಲಿಯ ರತ್ನಾವತಿಯವರ ಒಬ್ಬಳೇ ಮಗಳು ಅವಳು. ರತ್ನಾವತಿ ಮತ್ತು ವಿನೋದಾ ಒಂದೇ ಭಜನಾ ಮಂಡಳಿಯವರು. ಮದುವೆ ಮೇ ತಿಂಗಳಲ್ಲಿ ಆಯಿತು. ಜೂನಿನಲ್ಲಿ, ಮಳೆ ಹಿಡಿದ ವಾರ, ರತ್ನಾವತಿ ಹೃದಯಾಘಾತದಿಂದ ತೀರಿಕೊಂಡರು. ಮಗಳು ಗಂಡನ ಮನೆಯಿಂದ ಬಂದಳು. ಹಾಸಿಗೆ ಹಿಡಿದಿದ್ದರಿಂದ ಮದುವೆಗೆ ಬರಲಾಗದ ಅಜ್ಜಿ, ರತ್ನಾವತಿಯ ತಾಯಿ, ಈಗ ಹೇಗೋ ಊರಿನಿಂದ ಹೊರಟಿದ್ದರು.

ಚೈತನ್ಯಾ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದ ಅರ್ಧ ಹಿಂದಿಯೇ.

"ಆಂಟಿ, ಅಜ್ಜಿ ಆ ರಹೀ ಹೈ. ಮದುವೆ ನೋಡ್ಲಿಲ್ಲಲ್ಲ ಅವರು. ಕ್ರಿಯೆ ಮುಗ್ದ ಮೇಲೆ ಅವರಿಗೆ ವಿಡಿಯೋ ತೋರಿಸ್ಬೇಕು. ಅಮ್ಮನ್ನ ಒಂದ್ಸಲ ನೋಡ್ಲಿ. ಹೋ ಜಾಯೇಗಾ ನಾ?"

"ಆಗ್ತದೆ ಮಗಾ," ಅಂದಳು ವಿನೋದಾ. "ನೀನು ಅದರ ಚಿಂತೆ ಮಾಡ್ಬೇಡ."

ಲೀಲಾಧರನಿಗೆ ವಾರದ ರಜೆ ಇದ್ದ ದಿನ ಮೇಲಿನ ಮಾಳಿಗೆಯ ಪೂನಂ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದಳು. ಅವಳ ತವರು ವಿಜಯಪುರದ ಕಡೆಯದು. ಹತ್ತಿರದ ಕಲ್ಯಾಣದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹಾರ್ಡ್‌ವೇರ್ ಕಲಿಸುತ್ತಾಳೆ. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

"ಅಕ್ಕಾರ, ಏನೋ ಸುಟ್ಟ ವಾಸನಿ ಬರಾಕತ್ತೈತಿ."

"ಒಗ್ಗರಣೆ ಇರ್ಬೇಕು."

"ಒಗ್ಗರಣಿ ಅಲ್ರಿ. ಪ್ಲಾಸ್ಟಿಕ್."

ವಿನೋದಾ ಚೈತನ್ಯಾಳ ಮದುವೆಯ ವಿಡಿಯೋ, ಕಂಪ್ಯೂಟರ್ ಬಂದ್ ಆಗುವ ಕಥೆ ಎಲ್ಲ ಹೇಳಿದಳು. ಪೇಪರ್ ಓದುತ್ತಿದ್ದ ಲೀಲಾಧರ ಅಲ್ಲಿಂದಲೇ ತೀರ್ಪು ಕೊಟ್ಟ: "ಲೈಟಿನದೇ ಸಮಸ್ಯೆ ಪೂನಂ. ಡೊಂಬಿವಲಿಯಲ್ಲಿ ಇದ್ದದ್ದಕ್ಕೆ ಅಷ್ಟು ಅನುಭವಿಸ್ಲಿಕ್ಕುಂಟು."

"ಹಂಗಾರ ಅದು ಬಂದ್ ಆದಾಗ ಫ್ಯಾನೂ ನಿಲ್ಲತೈತೇನ್ರಿ ಅಣ್ಣಾರ?"

ಲೀಲಾಧರ ಹೆಂಡತಿಯ ಮುಖ ನೋಡಿದ.

"ಫ್ಯಾನ್ ನಿಲ್ಲುವುದಿಲ್ಲ," ಅಂದಳು ವಿನೋದಾ. "ನಾನು ಹಾಡು ಕೇಳ್ತಾ ಇದ್ರೆ, ಲೆಕ್ಕ ಬರೀತಾ ಇದ್ರೆ, ಕಂಪ್ಯೂಟರೂ ನಿಲ್ಲುವುದಿಲ್ಲ. ಎಫೆಕ್ಟ್ ಹಾಕಿ ಮಿಕ್ಸಿಂಗ್ ಓಡಿಸಿದ್ರೆ ಮಾತ್ರ."

"ಭಾರ ಬಿದ್ದಾಗಷ್ಟ ನಿಂದರತೈತಿ ಅಂದ್ರ ಅದು ಲೈಟಿನ ತಪ್ಪಲ್ರಿ."

ಪೂನಂ ಕಂಪ್ಯೂಟರ್ ಆಫ್ ಮಾಡಿಸಿ, ಗೋಡೆಯಿಂದ ಪ್ಲಗ್ ತೆಗೆಸಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದಳು. ಗ್ರಾಫಿಕ್ಸ್ ಕಾರ್ಡಿಗೆ ನೇರವಾಗಿ ಕರೆಂಟ್ ಕೊಡುವ ಪಿನ್ ಈ ಡಬ್ಬದಲ್ಲಿರಲಿಲ್ಲ. ಲತೇಶ್ ಹಾರ್ಡ್ ಡಿಸ್ಕಿನ ವೈರಿಗೆ ಒಂದು ಜೋಡಣೆ ವೈರ್ ಸಿಕ್ಕಿಸಿ ಕಾರ್ಡಿಗೆ ಎಳೆದಿದ್ದ. ಆ ಜೋಡಣೆಯ ಬಿಳಿ ಪ್ಲಾಸ್ಟಿಕ್ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಲೀಲಾಧರ ಎದ್ದು ಬಂದು ಸ್ಕ್ರೂಡ್ರೈವರ್ ಹಿಡಿದ. "ಆ ಡಬ್ಬವನ್ನೂ ಬಿಚ್ಚಿ ನೋಡುವ."

"ಬ್ಯಾಡ್ರಿ. ಅದನ್ನ ಯಾವತ್ತೂ ಬಿಚ್ಚಬಾರದು. ಪ್ಲಗ್ ತೆಗೆದ ಮ್ಯಾಲೂ ಅದರ ಹೊಟ್ಟ್ಯಾಗ ಕರೆಂಟ್ ಉಳಿದಿರತೈತಿ. ಜೀವಕ್ಕ ಅಪಾಯ. ಹೊರಗಿನ ಚೀಟಿ ಓದಿದ್ರ ಸಾಕು."

ಚೀಟಿಯ ಮೇಲ್ಭಾಗದಲ್ಲಿ ಕೆಂಪು 450. ಕೆಳಗೆ ಸಣ್ಣ ಅಕ್ಷರದ ಸಾಲುಗಳು. ಪೂನಂ ಒಂದರ ಮೇಲೆ ಬೆರಳಿಟ್ಟಳು.

"ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಇವು ಕರೆಂಟ್ ಎಳಿಯೋದು ಹನ್ನೆರಡು ವೋಲ್ಟಿನ ಸಾಲಿನಿಂದ, ಅಂದ್ರ ಈ ಹಳದಿ ವೈರುಗಳಿಂದ. ಇಲ್ಲಿ ಹನ್ನೆರಡು ವೋಲ್ಟಿನ ಎದರಿಗೆ ಏನು ಬರದಾರ ಓದ್ರಿ."

"ಹತ್ತು ಎ," ಲೀಲಾಧರ ಓದಿದ.

"ಹತ್ತು ಆಂಪಿಯರ್. ಹನ್ನೆರಡ ಹತ್ತಲೇ ನೂರಾ ಇಪ್ಪತ್ತು ವಾಟ್. ಮಿಕ್ಸಿಂಗ್ ಮಾಡುವಾಗ ಪ್ರೊಸೆಸರ್ ಒಂದಽ ಅರವತ್ತೈದರ ತನಕ ಎಳಿತೈತಿ. ಈ ಕಾರ್ಡು ಪೂರಾ ಓಡಿದ್ರ ನೂರಾ ಹತ್ತು. ಎರಡು ಹಾರ್ಡ್ ಡಿಸ್ಕು, ಡಿವಿಡಿ ರೈಟರ್, ಫ್ಯಾನು ಬ್ಯಾರೆ. ಎಲ್ಲಾ ಕೂಡಿ ಇನ್ನೂರರ ಹತ್ರ ಬೇಕು. ಈ ಡಬ್ಬ ಕೊಡೋದು ನೂರಾ ಇಪ್ಪತ್ತು."

"ಅಂದರೆ ಕಣ್ಣಿಗೆ ಹೊಡೆಯುವ ಹಾಗೆ ಬರೆದದ್ದು ಸುಳ್ಳು, ಇರುವೆಯ ಹಾಗೆ ಬರೆದದ್ದು ಸತ್ಯ. ಹಾಗಾ?" ಎಂದ ಲೀಲಾಧರ.

"ನಿಮ್ಮ ಹೋಟೆಲಿನ ಬೋರ್ಡಿನಲ್ಲಿ 'ಶುದ್ಧ ತುಪ್ಪದ ದೋಸೆ' ಅಂತ ಉಂಟಲ್ಲ," ವಿನೋದಾ ಕೇಳಿದಳು. "ಅದು ಎಷ್ಟು ದೊಡ್ಡ ಅಕ್ಷರ?"

"ಅದು ಬೇರೆ ವಿಷಯ."

ಪೂನಂ ನಕ್ಕಳು. ಲೀಲಾಧರ ನಗಲಿಲ್ಲ.

"ಹಾಗಾದ್ರೆ ಎರಡು ವರ್ಷ ಹೇಗೆ ನಡೀತು?" ಎಂದ.

"ಕಾರ್ಡ್ ಇದ್ದಿಲ್ಲಲ್ರಿ. ನೂರಾ ಇಪ್ಪತ್ತರಾಗ ಹೆಂಗೋ ನಡದಿತ್ತು."

ಉಳಿದದ್ದನ್ನು ವಿನೋದಾಳೇ ಹೋಟೆಲಿನ ಉದಾಹರಣೆ ಕೊಟ್ಟು ಹೇಳಿದಳು. ಗಂಡ ಹಿಂದೊಮ್ಮೆ ಮನೆಗೆ ಬಂದು ವಾರವಿಡೀ ಗೊಣಗಿದ್ದ ವಿಷಯ ಅದು. ಹೋಟೆಲಿನ ಸೇಠ್ ಹಳೆಯ ಗ್ಯಾಸ್ ಲೈನಿನಿಂದಲೇ ಹೊಸ ಚೈನೀಸ್ ಕೌಂಟರಿಗೂ ಪೈಪ್ ಎಳೆಸಿದ್ದ. ಅಲ್ಲಿ ಕಡಾಯಿ ಹೊತ್ತಿದರೆ ಇಲ್ಲಿ ಇಡ್ಲಿ ಸ್ಟೀಮರಿನ ಉರಿ ಇಳಿಯುತ್ತಿತ್ತು. ಸಿಲಿಂಡರಿನಲ್ಲಿ ಗ್ಯಾಸ್ ಇತ್ತು. ಪೈಪ್ ಸಾಲುತ್ತಿರಲಿಲ್ಲ.

"ನಮ್ಮ ಯುಪಿಎಸ್ ಸಹ ಹಾಗೇ ಅಲ್ವಾ?" ಎಂದಳು. "ಅದು ಸಿಲಿಂಡರ್. ಇನ್ನೊಂದು ಸಿಲಿಂಡರ್ ತಂದು ಇಟ್ಟ ಹಾಗಾಯ್ತು."

"ಖರೇ ಐತಿ ಮಾತು," ಅಂದಳು ಪೂನಂ. "ಯುಪಿಎಸ್ ಬ್ಯಾಡ ಅಂತಲ್ರಿ. ಲೈಟ್ ಹೋದಾಗ ಅದು ಬೇಕು. ಆದ್ರ ಡಬ್ಬದ ಬಡತನ ಅದರಿಂದ ಹೋಗಂಗಿಲ್ಲ. ಇನ್ನೂ ಒಂದು ಮಾತು. ಬರೇ ಬಂದ್ ಆಗೋದಾದ್ರ ಅಂಥಾ ಚಿಂತಿ ಇಲ್ರಿ. ಇಂಥಾ ಅಗ್ಗದ ಡಬ್ಬದಾಗ ಸಮಯಕ್ಕ ತಡಿಯೋ ವ್ಯವಸ್ಥಾ ಇರಂಗಿಲ್ಲ. ಮಿತಿ ಮೀರಿ ಓಡಿಸಿ ಓಡಿಸಿ ಒಂದು ದಿನ ಸುಟ್ಟರ, ಹೋಗುವಾಗ ಹೆಚ್ಚಿನ ವೋಲ್ಟ್ ಒಳಗ ಬಿಟ್ಟು ಹೋಗತೈತಿ. ಬೋರ್ಡು, ಡಿಸ್ಕು, ಎಲ್ಲಾ ಕರಕೊಂಡು ಹೋಗತೈತಿ. ಇವತ್ತಽ ಬದಲಿ ಮಾಡ್ರಿ."

ಲೀಲಾಧರ ಸ್ಕ್ರೂಡ್ರೈವರ್ ಕೆಳಗಿಟ್ಟ. ಲೆಕ್ಕ ಅವನಿಗೆ ತಿಳಿದಿತ್ತು. ಅಡ್ಡ ಬಂದದ್ದು ಲೆಕ್ಕವಲ್ಲ.

"ಲತೇಶ ಮುಂದಿನ ವಾರ ಊರಿನಿಂದ ಬರ್ತಾನೆ," ಎಂದ. "ಅವನು ಕಟ್ಟಿಕೊಟ್ಟದ್ದು. ಅವನಿಗೆ ಹೇಳದೆ ಬೇರೆಯವರ ಡಬ್ಬ ತಂದು ಹಾಕಿದ್ರೆ ಅವನಿಗೆ ಎಂತ ಅನ್ನಿಸ್ಲಿಕ್ಕಿಲ್ಲ? ಮತ್ತೆ ಊರಿನವರ ಸಂಘದ ಸಭೆಯಲ್ಲಿ ಅವನ ಮುಖ ನೋಡ್ಲಿಕ್ಕುಂಟು. ಬರಲಿ, ಕೇಳುವ."

ಪೂನಂ ಹೆಚ್ಚು ಒತ್ತಾಯಿಸಲಿಲ್ಲ. ಗ್ರಾಫಿಕ್ಸ್ ಕಾರ್ಡ್ ತೆಗೆದು ವಿನೋದಾಳ ಕೈಗೆ ಕೊಟ್ಟಳು. "ಹೊಸ ಡಬ್ಬ ಬರೋ ತನಕ ಇದನ್ನ ಹಾಕಬ್ಯಾಡ್ರಿ ಅಕ್ಕಾರ. ಮತ್ತ ಆ ಮದವಿ ವಿಡಿಯೋ ಇನ್ನೆಲ್ಲರೆ ಐತೇನ್ರಿ?"

"ಇಲ್ಲ. ಇದ್ರಲ್ಲಿ ಮಾತ್ರ."

"ನಾಳೆ ಕ್ಲಾಸಿನಿಂದ ಹೊರಗ ಹಚ್ಚೋ ಡಿಸ್ಕ್ ತರತೀನಿ. ಮೊದಲ ಅದಕ್ಕ ಒಂದು ಕಾಪಿ ಮಾಡಿ ಇಡೂಣು."

ಮರುದಿನ ಮಳೆಯ ನೀರು ರೈಲು ಹಳಿಗಳ ಮೇಲೆ ನಿಂತಿತು. ಲೋಕಲ್ ರೈಲುಗಳು ಬಂದ್ ಆದವು. ಪೂನಂ ಕಲ್ಯಾಣದಲ್ಲಿ ಅತ್ತೆಯ ಮನೆಯಲ್ಲಿ ಉಳಿದಳು, ಲೀಲಾಧರ ಠಾಣೆಯ ಹೋಟೆಲಿನಲ್ಲೇ ಉಳಿದ. ಅದರ ಮರುದಿನವೂ ಡಿಸ್ಕ್ ಬರಲಿಲ್ಲ. ಠಾಕುರ್ಲಿಯಿಂದ ಚೈತನ್ಯಾಳ ಫೋನ್ ಬಂತು. ಅಜ್ಜಿ ಬಂದಿದ್ದಾರೆ, ವಿಡಿಯೋ ಯಾವಾಗ ಎಂದು ಎರಡು ಸಲ ಕೇಳಿದರು ಎಂದಳು.

ಕಾರ್ಡ್ ಇಲ್ಲದೆ ಹೊಸ ಸಾಫ್ಟ್‌ವೇರ್ ತೆವಳುತ್ತಿತ್ತು. ಮಾಡಿಟ್ಟ ಕೆಲಸವನ್ನು ಹಳೆಯ ಸಾಫ್ಟ್‌ವೇರಿನಲ್ಲಿ ಮೊದಲಿನಿಂದ ಮಾಡಲು ಸಮಯವಿರಲಿಲ್ಲ. ಉಳಿದದ್ದು ಕೊನೆಯ ಭಾಗ, ಮಗಳನ್ನು ಕಳುಹಿಸಿಕೊಡುವುದು, ಅಷ್ಟೇ. ವಿನೋದಾ ಹೋಟೆಲಿಗೆ ಫೋನ್ ಮಾಡಿದಳು. ಊಟದ ಹೊತ್ತಿನ ಗಲಾಟೆಯ ನಡುವೆ ಲೀಲಾಧರ ಹೇಳಿದ:

"ಇಷ್ಟು ದಿನ ಬರೀ ಬಂದ್ ಆದದ್ದಲ್ವಾ? ಒಂದು ಸಲಕ್ಕೆ ಎಂತ ಆಗ್ತದೆ. ಹಾಕಿ ಮುಗಿಸಿಬಿಡು."

ಅವಳಿಗೂ ಹಾಗೆಯೇ ಅನ್ನಿಸಿತ್ತು. ಅನ್ನಿಸಿದ್ದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು, ಕೇಳಿದಳು. ಕಾರ್ಡ್ ಕೂರಿಸಿದಳು. ಪೂನಂ ಹೇಳಿದ್ದು ಕಿವಿಯಲ್ಲಿತ್ತು. ಆದರೂ ಸ್ವಿಚ್ ಒತ್ತಿ ಮಿಕ್ಸಿಂಗ್ ಓಡಿಸಿದಳು.

ಈ ಸಲ ಪರದೆ ಸುಮ್ಮನೆ ಕಪ್ಪಾಗಲಿಲ್ಲ. ಪೆಟ್ಟಿಗೆಯ ಹಿಂದೆ ಟಪ್ ಎಂದು ಒಂದು ಶಬ್ದ ಬಂತು. ಜಾಲರಿಯಿಂದ ತೆಳ್ಳನೆಯ ಹೊಗೆ ಎದ್ದು ಗೋಡೆಯ ಮೇಲೆ ಹರಡಿತು. ವಿನೋದಾ ಮೇನ್ ಸ್ವಿಚ್ ಇಳಿಸಿದಳು. ಈಗ ಫ್ಯಾನು ನಿಂತಿತು. ಮಳೆಯ ಸದ್ದು ಒಳಗೆ ಬಂತು.

ರೈಲು ಶುರುವಾದ ದಿನವೇ ಪೂನಂ ಬಂದಳು. ಡಿಸ್ಕುಗಳನ್ನು ಕ್ಲಾಸಿಗೆ ಒಯ್ದು ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿದಳು. ಎರಡೂ ತಿರುಗಲಿಲ್ಲ. ಕೆಟ್ಟ ಡಿಸ್ಕಿನೊಳಗಿನದನ್ನು ತೆಗೆದುಕೊಡುವ ಮುಂಬಯಿಯ ಒಂದು ರಿಕವರಿ ಅಂಗಡಿಗೆ ಲೀಲಾಧರನೇ ಹೊತ್ತುಕೊಂಡು ಹೋದ. ಹೊರಗಿನ ಸರ್ಕ್ಯೂಟ್ ಮಾತ್ರ ಸುಟ್ಟಿದ್ದರೆ ದಾರಿ ಇರುತ್ತಿತ್ತು, ಒಳಗೆ ಓದುವ ಹೆಡ್ಡಿನವರೆಗೂ ಹೋಗಿದೆ, ನಮ್ಮಿಂದ ಆಗುವುದಿಲ್ಲ ಎಂದರು ಅಲ್ಲಿಯವರು. ಶೈಲೇಶನ ಕ್ಯಾಸೆಟ್ಟುಗಳ ಮೇಲೆ ಆಗಲೇ ಬೇರೆ ಎರಡು ಮದುವೆಗಳು ಬಿದ್ದಿದ್ದವು.

ಠಾಕುರ್ಲಿಗೆ ಹೋಗಿ ಹೇಳಬೇಕಾದವಳು ವಿನೋದಾ. ತಾನೂ ಬರುತ್ತೇನೆಂದು ಲೀಲಾಧರ ಚಪ್ಪಲಿ ಹಾಕಿಕೊಂಡ. ಬೇಡ ಅಂದಳು.

ಚೈತನ್ಯಾ ಬಾಗಿಲಲ್ಲೇ ಕೇಳಿದಳು, "ಡಿವಿಡಿ ಲಾಯೀ ಆಂಟಿ?"

ವಿನೋದಾ ಕೂರದೆ, ನಿಂತುಕೊಂಡೇ ಎಲ್ಲ ಹೇಳಿದಳು. ಕಾರ್ಡ್ ಹಾಕಬೇಡ ಎಂದು ಒಬ್ಬರು ಹೇಳಿದ್ದರು, ಹಾಕಿದೆ ಎನ್ನುವುದನ್ನೂ ಬಿಡಲಿಲ್ಲ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ ಅಜ್ಜಿ ಏನಾಯಿತೆಂದು ತುಳುವಿನಲ್ಲಿ ಕೇಳಿದರು.

"ಫೋಟೋ ಆಲ್ಬಮ್ ಉಂಟಲ್ವಾ ಮಗಾ," ಅಂದಳು ವಿನೋದಾ. ಅಂದ ಮೇಲೆ, ಅನ್ನಬಾರದಿತ್ತು ಅನ್ನಿಸಿತು.

"ಹೈ, ಇದೆ," ಅಂದಳು ಚೈತನ್ಯಾ. ಸೆರಗಿನ ಅಂಚು ಮಡಿಸುತ್ತಾ ಕೇಳಿದಳು. "ಆಂಟಿ, ಧಾರೆ ಟೈಮಲ್ಲಿ ಅಮ್ಮ ನನ್ನ ಕಿವೀಲಿ ಏನೋ ಬೋಲೀ ಥೀ. ವಾದ್ಯ ಜೋರಿತ್ತು, ನಂಗೆ ಕೇಳ್ಲಿಲ್ಲ. ಆಮೇಲೆ ಕೇಳೋಣ ಅಂದ್ಕೊಂಡೆ, ಮರ್ತೇ ಹೋಯ್ತು. ಕ್ಯಾಮೆರಾ ಹತ್ರಾನೇ ಇತ್ತು. ನೀವು ನೋಡಿದ್ದೀರಲ್ಲ. ಕ್ಯಾ ಬೋಲೀ ಥೀ, ಏನಂದ್ರು?"

ಆ ತುಣುಕು ವಿನೋದಾಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಕತ್ತರಿಸಿ ಜೋಡಿಸುವಾಗ ಎಷ್ಟೋ ಸಲ ಹಿಂದೆ ಮುಂದೆ ಓಡಿಸಿದ್ದಳು. ರತ್ನಾವತಿ ಬಗ್ಗುತ್ತಾರೆ, ಮಗಳ ಕಿವಿಯ ಹತ್ತಿರ ತುಟಿ ಆಡಿಸುತ್ತಾರೆ, ಹಿಂದೆ ಸರಿದು ನಗುತ್ತಾರೆ. ಆದರೆ ಧಾರೆಯ ಭಾಗಕ್ಕೆ ಹಾಡು ಹಾಕುವುದು ಮಿಕ್ಸಿಂಗಿನವರ ರೂಢಿ. ಅಲ್ಲಿನ ಮಾತು, ಗದ್ದಲ ಯಾರಿಗೂ ಬೇಡ. ಅವಳು ಮೊದಲೇ ಆ ಭಾಗದ ಧ್ವನಿ ಬಂದ್ ಮಾಡಿ ಕೂತಿದ್ದಳು. ತಾಯಿ ಮಗಳಿಗೆ ಹೇಳಬಹುದಾದ ಒಂದು ಮಾತನ್ನು ಈಗ ಕಟ್ಟಿ ಹೇಳಬಹುದಿತ್ತು. ಚೈತನ್ಯಾ ನಂಬುತ್ತಿದ್ದಳು.

"ಗೊತ್ತಿಲ್ಲ ಮಗಾ. ಅಲ್ಲಿಗೆ ನಾನು ಹಾಡು ಹಾಕಿದ್ದೆ. ನಾನೂ ಕೇಳ್ಲಿಲ್ಲ."

"ಠೀಕ್ ಹೈ," ಅಂದಳು ಚೈತನ್ಯಾ. "ಕೂತ್ಕೊಳಿ. ಚಾ ಕುಡಿದು ಹೋಗಿ."

ವಿನೋದಾ ಚಾ ಕುಡಿದಳು. ಕುಡಿಯದೆ ಎದ್ದು ಬರುವುದು ಇನ್ನೂ ಕಷ್ಟವಿತ್ತು.

ಲತೇಶ್ ಊರಿನಿಂದ ಬಂದವನು ಸುಟ್ಟ ಡಬ್ಬವನ್ನು ಕೈಯಲ್ಲಿ ಹಿಡಿದು ಅದರ ಚೀಟಿ ಓದಿದ. ಲೀಲಾಧರ ಕೂಗಾಡಲಿಲ್ಲ.

"ಕ್ಯಾಬಿನೆಟ್ ಜೊತೆ ಬಂದದ್ದೇ ಹಾಕಿದ್ದು ಲೀಲಣ್ಣ," ಎಂದ ಲತೇಶ್. "ಕಾಣದ ಕಡೆ ಉಳಿಸು ಅಂತ ನೀವೇ ಹೇಳಿದ್ದು. ಎಲ್ಲರೂ ಹಾಗೇ ಹೇಳುವುದು. ಕಾರ್ಡ್ ಹಾಕುವಾಗ ನಾನು ಲೆಕ್ಕ ಮಾಡ್ಬೇಕಿತ್ತು. ಮಾಡ್ಲಿಲ್ಲ. ಅತ್ತಿಗೆ, ತಪ್ಪು ನನ್ನದೂ ಉಂಟು."

"ಈಗ ಹೊಸದು ಹಾಕು," ಎಂದ ಲೀಲಾಧರ. "ನಿನ್ನ ಹತ್ತಿರವೇ ತಗೊಳ್ಳುವುದು. ಚೀಟಿ ಮೊದಲು ನಂಗೆ ತೋರಿಸ್ಬೇಕು. ಮತ್ತೆ ಬಿಲ್ ಬೇಕು."

ಲತೇಶನ ಮುಖ ಸಣ್ಣದಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಉಂಟು. ಬಿಲ್ಲೂ ಬೇಕು."

ಹೊಸ ಡಬ್ಬದ ಚೀಟಿಯನ್ನು ಲೀಲಾಧರ ಕನ್ನಡಕ ಹಾಕಿಕೊಂಡು ಓದಿದ. ದೊಡ್ಡ ಅಕ್ಷರದಲ್ಲಿದ್ದದ್ದು 400 ವಾಟ್, ಹಳೆಯದಕ್ಕಿಂತ ಕಡಿಮೆ. ಹನ್ನೆರಡು ವೋಲ್ಟಿನ ಸಾಲಿಗೇ ಮುನ್ನೂರು ವಾಟಿಗಿಂತ ಹೆಚ್ಚು ಎಂದು ಬರೆದಿತ್ತು. ಕಾರ್ಡಿಗೆ ಬೇಕಾದ ಪಿನ್ ಡಬ್ಬದಿಂದಲೇ ಬಂದಿತ್ತು, ಜೋಡಣೆ ವೈರ್ ಬೇಕಾಗಲಿಲ್ಲ. ಬೋರ್ಡು, ಡಿಸ್ಕುಗಳನ್ನೂ ಹೊಸದಾಗಿ ಹಾಕಬೇಕಾಯಿತು. ಕಂಪ್ಯೂಟರ್ ಈಗ ಎಷ್ಟು ಹೊತ್ತು ಓಡಿಸಿದರೂ ನಿಲ್ಲುವುದಿಲ್ಲ. ಶೈಲೇಶ್ ಮಾತ್ರ ಆಮೇಲೆ ಬರಲಿಲ್ಲ. ಸುದ್ದಿ ಭಜನಾ ಮಂಡಳಿಯಲ್ಲೂ ಹರಡಿತು. ಒಂದು ಇಡೀ ಮದುವೆಯ ಕಾಲ ವಿನೋದಾಳ ಮನೆಗೆ ಒಂದು ಕ್ಯಾಸೆಟ್ಟೂ ಬರಲಿಲ್ಲ.

ಓದುಗರೇ, ಈ ಡಬ್ಬ ನಿಮ್ಮ ಮನೆಯಲ್ಲೂ ಇರಬಹುದು. ಮಕ್ಕಳ ಓದಿಗೆಂದೋ, ಮನೆಯ ಸಣ್ಣ ಉದ್ಯೋಗಕ್ಕೆಂದೋ ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಕಟ್ಟಿಸಿದ್ದರೆ ಇರುವ ಸಾಧ್ಯತೆಯೇ ಹೆಚ್ಚು. ಮನೆಯ ಲೈಟ್ ಇದ್ದೂ ಕಂಪ್ಯೂಟರ್ ಮಾತ್ರ ನಿಲ್ಲುತ್ತಿದ್ದರೆ, ಭಾರದ ಕೆಲಸ ಕೊಟ್ಟಾಗ ತಾನೇ ಮತ್ತೆ ಶುರುವಾಗುತ್ತಿದ್ದರೆ, ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಲೈಟ್ ಕಂಪನಿಗೆ ಬೈದು ಸುಮ್ಮನಾಗಬೇಡಿ. ಅದರಲ್ಲೂ ಸುಟ್ಟ ವಾಸನೆ ಬಂದ ಕಂಪ್ಯೂಟರನ್ನು ಆ ಕ್ಷಣವೇ ಆಫ್ ಮಾಡಿ, ಪ್ಲಗ್ ತೆಗೆಯಿರಿ. ತಿಳಿದವರು ನೋಡುವ ತನಕ ಹಾಕಬೇಡಿ.

ಹೊಸ ಡಬ್ಬ ಕೊಳ್ಳುವಾಗ ದೊಡ್ಡ ಅಂಕಿಯನ್ನು ಬಿಟ್ಟು ಚೀಟಿಯ ಸಣ್ಣ ಸಾಲು ಓದಿ. ಹನ್ನೆರಡು ವೋಲ್ಟಿನ ಎದುರಿನ ಆಂಪಿಯರನ್ನು ಹನ್ನೆರಡರಿಂದ ಗುಣಿಸಿ. ಹನ್ನೆರಡು ವೋಲ್ಟಿನ ಸಾಲು ಎರಡಿದ್ದರೆ ಅವನ್ನು ನೀವೇ ಕೂಡಿಸಬೇಡಿ, ಎರಡಕ್ಕೂ ಸೇರಿ ಎಷ್ಟು ವಾಟ್ ಎಂದು ಪಕ್ಕದಲ್ಲಿ ಬರೆದಿರುತ್ತದೆ, ಅದನ್ನು ಹಿಡಿಯಿರಿ. ಪ್ರೊಸೆಸರ್, ಕಾರ್ಡ್, ಡಿಸ್ಕುಗಳೆಲ್ಲ ಸೇರಿ ನಿಮ್ಮ ಕಂಪ್ಯೂಟರಿಗೆ ಬೇಕಾದ ವಾಟಿಗಿಂತ ಅದು ಕನಿಷ್ಠ ಮೂರನೇ ಒಂದರಷ್ಟು ಹೆಚ್ಚಿರಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿಗೆ ಭಾರಿ ಡಬ್ಬ ಬೇಕಿಲ್ಲ, ಒಳ್ಳೆಯ ಕಂಪನಿಯ 300 ವಾಟಿನದು ಸಾಮಾನ್ಯವಾಗಿ ಸಾಕು. ಆಂಪಿಯರ್ ಬರೆಯದ ಡಬ್ಬ, ಅಥವಾ ವೋಲ್ಟ್ ಹೆಚ್ಚಾದರೆ, ಶಾರ್ಟ್ ಆದರೆ ತಾನೇ ನಿಲ್ಲುವ ರಕ್ಷಣೆ ಇದೆಯೆಂದು ಹೇಳದ ಡಬ್ಬ ಬೇಡ. ಮುಂದೆ ಹೊಸ ಕಾರ್ಡೋ ಡಿಸ್ಕೋ ಸೇರಿಸುವ ದಿನ ಈ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಪ್ಲಗ್ ಹಾಕುವ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ವಯರ್‌ಮನ್‌ಗೆ ತೋರಿಸಿ. ಮಾರುವವರು ನಿಮ್ಮವರೇ ಇರಲಿ, ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇವೆಲ್ಲ ಅಂಗಡಿಗೆ ಹೋಗುವ ದಿನದ ಮಾತು. ಇಂದೇ ಮಾಡಬೇಕಾದದ್ದು ಬೇರೆ ಇದೆ. ನಿಮ್ಮ ಕಂಪ್ಯೂಟರಿನಲ್ಲಿ, ಕಳೆದುಹೋದರೆ ಇನ್ನೊಮ್ಮೆ ಹಿಡಿಯಲಾಗದಂಥದ್ದು ಏನಿದೆ ಎಂದು ಮನೆಯವರೆಲ್ಲ ಕೂತು ನೋಡಿ. ಅದರ ಒಂದು ಪ್ರತಿ ತೆಗೆದು ಕಂಪ್ಯೂಟರಿನ ಹೊರಗೆ, ಬೇರೆ ಜಾಗದಲ್ಲಿ ಇಡಿ. ಮೊದಲು ಅದನ್ನು ಮಾಡಿ. ಅಂಗಡಿಗೆ ಆಮೇಲೆ ಹೋಗಿ.